ನೋಡಿ ಕೊಡ್ತೇನೆಂದು ತಂದ ನೋಟ್ಸು

ಪುಕ್ಕಟೆ ಸಿಗುವ ವಸ್ತುವಿನಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದು ಒಂದು ವರ್ಷವಾಯಿತು. ಹೇಳುವವನು ಅರ್ಥಶಾಸ್ತ್ರದ ಉಪನ್ಯಾಸಕ ಎಂಬ ಕಾರಣಕ್ಕೆ ಇದರಲ್ಲಿ ಏನೋ ದೊಡ್ಡ ಸಿದ್ಧಾಂತವಿದೆಯೆಂದು ನೀವು ತಿಳಿಯಬಾರದು. ನನ್ನಲ್ಲಿ ಸಿದ್ಧಾಂತ ಮೊದಲೇ ಇರಲಿಲ್ಲ, ಈಗ ಭರವಸೆಯೂ ಉಳಿದಿಲ್ಲ. ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ಬಸ್ಸಿನವರು ಕೂಡ ಕೇಳಿಕೊಂಡರೆ ಮಾತ್ರ ನಿಲ್ಲಿಸುವಂಥ ಒಂದು ಕಾಲೇಜಿನಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಏನಾದರೂ ಕದ್ದಿದ್ದೀರಾ ಎಂದು ಯಾರಾದರೂ ಕೇಳಿದ್ದರೆ ಇಲ್ಲವೆಂದು ಎದೆ ತಟ್ಟಿ ಹೇಳುತ್ತಿದ್ದೆ. ಸೀಮೆಸುಣ್ಣದ ತುಂಡೊಂದು ಅಂಗಿಯ ಜೇಬಿನಲ್ಲಿ ಅಪ್ಪಿತಪ್ಪಿ ಮನೆಗೆ ಬಂದರೆ ಮರುದಿನ ವಾಪಸು ಕೊಂಡುಹೋಗಿ ಇಡುವವನು ನಾನು. ನಮ್ಮ ಕಾಲೇಜು ಹೋದ ವರ್ಷ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕದೆ ಇದ್ದಿದ್ದರೆ ಅದೇ ಎದೆ ತಟ್ಟಿಕೊಂಡು ನಿವೃತ್ತನಾಗುತ್ತಿದ್ದೆ.

ಆ ಒಳ್ಳೆಯ ಕೆಲಸದ ಹೆಸರು 'ಕೈಗೆಟಕುವ ಪಠ್ಯಪುಸ್ತಕ ಮತ್ತು ಮುಕ್ತ ಶೈಕ್ಷಣಿಕ ಸಂಪನ್ಮೂಲ ನೀತಿ'. ಇದನ್ನು ಒಂದೇ ಉಸಿರಿಗೆ ಹೇಳಲು ನಮ್ಮ ಪ್ರಿನ್ಸಿಪಾಲರಿಗೂ ಎರಡು ವಾರ ಬೇಕಾಯಿತು. ಆದರೆ ಅದರ ಹಿಂದಿನ ಕಷ್ಟ ನಿಜವಾದದ್ದೇ. ಎರಡು ವರ್ಷಕ್ಕೊಮ್ಮೆ ಸಿಲೆಬಸ್ ಬದಲಾಗುತ್ತದೆ, ಸಿಲೆಬಸ್ ಬದಲಾದ ಕೂಡಲೇ ಪುಸ್ತಕ ಬದಲಾಗುತ್ತದೆ, ಪುಸ್ತಕದ ಒಳಗೆ ಮಾತ್ರ ಏನೂ ಬದಲಾಗಿರುವುದಿಲ್ಲ. ಅಧ್ಯಾಯಗಳು ಬಸ್ಸಿನಲ್ಲಿ ಸೀಟು ಬದಲಿಸಿದವರ ಹಾಗೆ ಹಿಂದೆ ಮುಂದೆ ಕೂತಿರುತ್ತವೆ. ಅಣ್ಣ ಓದಿದ ಪುಸ್ತಕ ತಂಗಿಗೆ ಬರುವುದಿಲ್ಲ. ನನ್ನ ತರಗತಿಯ ಮೂವರು ಹುಡುಗಿಯರು ಸೇರಿ ಒಂದು ಪುಸ್ತಕ ಕೊಂಡು, ಅದನ್ನು ಬೆನ್ನಿನಲ್ಲಿ ಸೀಳಿ ಮೂರು ಭಾಗ ಮಾಡಿ ಹಂಚಿಕೊಂಡಿದ್ದರು. ಮೊದಲ ಭಾಗದವಳಿಗೆ ಬೇಡಿಕೆ ಗೊತ್ತು, ಎರಡನೆಯವಳಿಗೆ ಪೂರೈಕೆ ಗೊತ್ತು, ಎರಡೂ ಸೇರುವ ಜಾಗ ಮೂವರಿಗೂ ಗೊತ್ತಿರಲಿಲ್ಲ. ಇಂಥದ್ದನ್ನೆಲ್ಲ ನೋಡಿಯೇ ಕಾಲೇಜು ತೀರ್ಮಾನಕ್ಕೆ ಬಂತು. ಉಪನ್ಯಾಸಕರು ತಮ್ಮ ತಮ್ಮ ನೋಟ್ಸನ್ನು ಪುಸ್ತಕದ ರೂಪಕ್ಕೆ ತಂದು ಕಾಲೇಜಿನ ವೆಬ್‌ಸೈಟಿಗೆ ಹಾಕಬೇಕು. ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು, ಪ್ರತಿ ಮಾಡಬಹುದು, ತಿದ್ದಿ ಬಳಸಬಹುದು.

ಇಂಥ ನೀತಿಗೆ ಒಂದು ಸಮಿತಿ ಬೇಕು, ಸಮಿತಿಗೆ ಒಬ್ಬ ಸಂಚಾಲಕ ಬೇಕು. ಸಂಚಾಲಕರನ್ನು ಆರಿಸಲು ನಮ್ಮಲ್ಲಿ ಹಳೆಯದೊಂದು ಪದ್ಧತಿಯಿದೆ: ಸಭೆಗೆ ಯಾರು ಬಂದಿಲ್ಲವೋ ಅವರೇ ಸಂಚಾಲಕರು. ಆ ದಿನ ನಾನು ಕ್ಯಾಂಟೀನಿನಲ್ಲಿ ಗೋಳಿಬಜೆಯ ಎರಡನೇ ಪ್ಲೇಟಿನ ಮುಂದೆ ಕೂತಿದ್ದೆ. ಮೊದಲನೇ ಪ್ಲೇಟಿಗೇ ಎದ್ದು ಹೋಗಿದ್ದರೆ ಈ ಪ್ರಬಂಧವನ್ನು ಸಸ್ಯಶಾಸ್ತ್ರದವರು ಬರೆಯಬೇಕಾಗುತ್ತಿತ್ತು.

"ನಿಮ್ಮನ್ನೇ ಮಾಡಿದ್ದೇವೆ ಸರ್," ಎಂದರು ಪ್ರಿನ್ಸಿಪಾಲರು. "ನಿಮ್ಮ ಬಗ್ಗೆ ಎಲ್ಲರಿಗೂ ಒಳ್ಳೆ ಅಭಿಪ್ರಾಯ ಉಂಟು. ಒಬ್ಬರೂ ವಿರೋಧ ಮಾಡ್ಲಿಲ್ಲ."

"ನಾನೇ ಇರ್ಲಿಲ್ಲವಲ್ಲ ಸರ್."

"ಅದೇ ಹೇಳಿದ್ದು, ಒಬ್ಬರೂ ವಿರೋಧ ಮಾಡ್ಲಿಲ್ಲ."

ಮೊದಲು ಹೋದದ್ದು ಲೈಬ್ರರಿಗೆ. ನಮ್ಮ ಗ್ರಂಥಪಾಲಕ ಇಂದ್ರರು ಮೂಡುಬಿದಿರೆಯ ಕಡೆಯವರು. ಅವರ ಮನೆತನ ತಲೆತಲಾಂತರದಿಂದ ಅಲ್ಲಿಯ ಒಂದು ಬಸದಿಯ ಪೂಜೆ ನೋಡಿಕೊಂಡು ಬಂದದ್ದು. ಬಡ ಮಕ್ಕಳಿಗೆ ವರ್ಷವಿಡೀ ಪುಸ್ತಕ ಕೊಡುವ ಪುಸ್ತಕ ಬ್ಯಾಂಕನ್ನು ಅವರೊಬ್ಬರೇ ನಡೆಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನೆಲ್ಲ ಬೆಂಚಿನಲ್ಲಿ ಕೂರಿಸಿ, ಕೈಗೊಂದು ರಬ್ಬರು ಕೊಟ್ಟು, ಪೆನ್ಸಿಲಿನ ಗೀಟುಗಳನ್ನು ಉಜ್ಜಿಸಿ ಪುಸ್ತಕ ವಾಪಸು ತೆಗೆದುಕೊಳ್ಳುತ್ತಿದ್ದರು. ಆ ದಿನ ಲೈಬ್ರರಿಯಲ್ಲಿ ಮಾತಿಲ್ಲದೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಹೊಸ ನೀತಿ ಬಂದ ಮೇಲೆ ಆ ಕಪಾಟುಗಳಿದ್ದ ಜಾಗಕ್ಕೆ ಎರಡು ಕಂಪ್ಯೂಟರು ಬಂದವು. ಇಂದ್ರರು ಉಳಿದ ರಬ್ಬರುಗಳನ್ನು ಒಂದು ಡಬ್ಬಿಗೆ ತುಂಬಿಸುತ್ತಾ ನನ್ನನ್ನು ನೋಡಿದರು.

"ನೀವು ಹೊಸತು ಅಂತ ಹೇಳ್ತೀರಿ. ನಮ್ಮಲ್ಲಿ ಇದಕ್ಕೆ ಶಾಸ್ತ್ರದಾನ ಅಂತ ಹೇಳುದು. ಓಲೆಗರಿಯಲ್ಲಿ ಪ್ರತಿ ಮಾಡಿಸಿ ಪುಕ್ಕಟೆ ಕೊಡುದು, ಪುಣ್ಯದ ಕೆಲಸ. ಆದ್ರೆ ಒಂದು ಉಂಟು. ಬರೆದವ ಕೊನೆಯ ಗರಿಯಲ್ಲಿ ಹೇಳ್ಬೇಕು, ಬರೆಸಿದ್ದು ಯಾರು, ಬರೆದದ್ದು ಯಾರು, ಯಾರ ಪ್ರತಿ ನೋಡಿ ಬರೆದದ್ದು."

"ಹೇಳದಿದ್ರೆ?"

"ಹೇಳದಿದ್ರೆ ಅದು ದಾನ ಅಲ್ಲ," ಎಂದು ಡಬ್ಬಿಯ ಮುಚ್ಚಳ ಹಾಕಿದರು. ನಾನು ಹೌದು ಹೌದೆಂದು ತಲೆಯಾಡಿಸಿ ಬಂದೆ. ತಲೆಯಾಡಿಸುವುದು ನನಗೆ ಸುಲಭವಾಗಿ ಬರುತ್ತದೆ.

ಸಹೋದ್ಯೋಗಿಗಳ ಹತ್ತಿರ ನೋಟ್ಸು ಕೇಳಿದಾಗ ತಿಳಿದ ಸಂಗತಿಯೆಂದರೆ, ನೋಟ್ಸು ಎನ್ನುವುದು ಉಪ್ಪಿನಕಾಯಿಯ ಭರಣಿಯ ಹಾಗೆ. ಬಡಿಸುತ್ತಾರೆ, ಭರಣಿ ಕೊಡುವುದಿಲ್ಲ. ಚರಿತ್ರೆಯವರು ತಮ್ಮದು ಇನ್ನೂ ಪೂರ್ತಿಯಾಗಿಲ್ಲ ಎಂದರು. ಅವರಿಗೆ ನಿವೃತ್ತಿಗೆ ಉಳಿದದ್ದು ನಾಲ್ಕು ತಿಂಗಳು. ಹಾಗಾಗಿ ಸಂಚಾಲಕನೇ ಮೇಲ್ಪಂಕ್ತಿ ಹಾಕಬೇಕಾಯಿತು. ನಾನು ನನ್ನ ನೋಟ್ಸನ್ನು ಹೊರಗೆ ತೆಗೆದೆ.

ನನ್ನ ನೋಟ್ಸು ಎಂದೆನಲ್ಲ, ಇಲ್ಲಿಯೇ ತಪ್ಪೊಪ್ಪಿಗೆ ಶುರುವಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಅರ್ಥಶಾಸ್ತ್ರ ಬರುತ್ತಿರಲಿಲ್ಲ. ಗೈಡಿನೊಳಗೆ ಮುಖ ಹುದುಗಿಸಿ ಗಂಟೆಗಟ್ಟಲೆ ಡಿಕ್ಟೇಷನ್ ಕೊಡುತ್ತಿದ್ದೆ. ತಲೆ ಎತ್ತಿದರೆ ಯಾರಾದರೂ ಪ್ರಶ್ನೆ ಕೇಳಿಯಾರು ಎಂಬ ಹೆದರಿಕೆ. ಮುಂದಿನ ಬೆಂಚಿನಲ್ಲಿ ನರಿಕೊಂಬಿನ ಜಲಜಾಕ್ಷಿ ಎಂಬ ಹುಡುಗಿ ಕೂತಿರುತ್ತಿದ್ದಳು. ನಾನು ಹೇಳಿದ್ದನ್ನು ಗೀಚಿಕೊಂಡು ಹೋಗಿ, ಮನೆಯಲ್ಲಿ ತನಗೆ ಅರ್ಥವಾಗುವ ಕನ್ನಡದಲ್ಲಿ ಬಿಡಿಸಿ, ಫೇರ್ ನೋಟ್ಸ್ ಬರೆಯುತ್ತಿದ್ದಳು. ಒಮ್ಮೆ ಅದನ್ನು ತಿರುವಿ ಹಾಕಿದಾಗ, ನಾನೇ ಕಲಿಸಿದ ಪಾಠ ನನಗೆ ಮೊದಲ ಸಲ ಅರ್ಥವಾಯಿತು. ವರ್ಷದ ಕೊನೆಗೆ, "ಜಲಜಾಕ್ಷಿ, ನಿನ್ನ ನೋಟ್ಸ್ ಒಮ್ಮೆ ಕೊಡು, ನೋಡಿ ಕೊಡ್ತೇನೆ," ಎಂದು ಇಸಿದುಕೊಂಡೆ. ನೋಡುತ್ತಾ ನೋಡುತ್ತಾ ಇಪ್ಪತ್ಮೂರು ವರ್ಷವಾಯಿತು. ನಡುವೆ ಒಮ್ಮೆ ಅವಳು ಚಿಕ್ಕಮ್ಮನ ಮಗಳಿಗೆ ಬೇಕೆಂದು ಕೇಳಲು ಬಂದಿದ್ದಳು, ಬರುವ ವಾರ ಎಂದು ಕಳುಹಿಸಿದೆ. ರಟ್ಟು ಹರಿದಾಗ ನನ್ನ ಹೆಂಡತಿ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದಳು; ಜಲಜಾಕ್ಷಿಯ ಹೆಸರಿನ ಚೀಟಿ ಅದರ ಅಡಿಗೆ ಹೋಯಿತು. ಆಮೇಲೆ ಅದು ನನ್ನ ನೋಟ್ಸಾಯಿತು.

ಅದರಲ್ಲಿ ನನಗೆ ಹೆಸರು ತಂದದ್ದು ಇಳಿಮುಖ ಪ್ರತಿಫಲ ನಿಯಮ. ಒಂದು ವಸ್ತುವನ್ನು ಇದ್ದಷ್ಟೇ ಇಟ್ಟು ಇನ್ನೊಂದನ್ನು ಹೆಚ್ಚಿಸುತ್ತಾ ಹೋದರೆ ಒಂದು ಹಂತದ ಮೇಲೆ ಫಲ ಕಡಿಮೆಯಾಗುತ್ತದೆ ಎಂಬುದು ನಿಯಮ. ಪುಸ್ತಕಗಳೆಲ್ಲ ಇದಕ್ಕೆ ಗೋಧಿ ಹೊಲದ ಉದಾಹರಣೆ ಕೊಡುತ್ತವೆ. ನಮ್ಮ ತಾಲೂಕಿನ ಮಕ್ಕಳು ಗೋಧಿಯನ್ನು ನೋಡಿರುವುದು ಚಪಾತಿಯಾದ ಮೇಲೆಯೇ. ಜಲಜಾಕ್ಷಿ ಬರೆದದ್ದು ಬೀಡಿಯ ಉದಾಹರಣೆ. ನಮ್ಮ ಕಡೆ ತಡ್ಪೆ ಎನ್ನುವ ಒಂದು ಗೆರಸೆ, ಒಂದು ಕತ್ತರಿ. ಅಮ್ಮ ಒಬ್ಬಳೇ ಕೂತು ಬೀಡಿ ಕಟ್ಟುತ್ತಾಳೆ. ಚಿಕ್ಕಮ್ಮ ಬಂದು ಕೂತರೆ ಒಬ್ಬರು ಎಲೆ ಕತ್ತರಿಸಿ ಇನ್ನೊಬ್ಬರು ಕಟ್ಟಿ ಬೀಡಿ ಎರಡು ಪಾಲಿಗಿಂತ ಹೆಚ್ಚಾಗುತ್ತದೆ. ಪಕ್ಕದ ಮನೆಯ ಲಲಿತಕ್ಕ ಬಂದರೆ ಸ್ವಲ್ಪ ಹೆಚ್ಚಾಗುತ್ತದೆ, ಮಾತೂ ಹೆಚ್ಚಾಗುತ್ತದೆ. ನಾಲ್ಕನೆಯವಳಾಗಿ ಮಗಳು ಕೂತರೆ ಮೊಣಕಾಲಿಗೆ ಮೊಣಕಾಲು ತಾಗಿ, ಕತ್ತರಿಗೆ ಕಾದು, ಬೀಡಿ ಮೊದಲಿಗಿಂತ ಕಡಿಮೆಯಾಗುತ್ತದೆ. ಇದನ್ನು ಹೇಳಿ ಮುಗಿಸುವಾಗ ಎಷ್ಟೋ ತಂಡದ ಮಕ್ಕಳು ನನ್ನ ಕಡೆಗೆ ಬೆರಗಿನಿಂದ ನೋಡಿದ್ದುಂಟು. ಆ ಬೆರಗನ್ನು ನಾನು ವಿನಯದಿಂದ ಸ್ವೀಕರಿಸುತ್ತಾ ಬಂದಿದ್ದೆ.

ಎರಡು ತಿಂಗಳು ಒಂದೇ ಬೆರಳಿನಲ್ಲಿ ಟೈಪು ಮಾಡಿದೆ. ಕೊನೆಗೆ ಎರಡು ಕಾಗದ ಬಂದವು. ಒಂದು, 'ಈ ಕೃತಿ ನನ್ನ ಸ್ವಂತ ರಚನೆ' ಎಂಬ ಘೋಷಣಾಪತ್ರ. ಕಾಲೇಜಿನಲ್ಲಿ ಬರುವ ಕಾಗದಗಳನ್ನೆಲ್ಲ ಓದಿ ಸಹಿ ಹಾಕಲು ಹೊರಟರೆ ಪಾಠಕ್ಕೆ ಸಮಯ ಉಳಿಯುವುದಿಲ್ಲವಾದ್ದರಿಂದ ಸಹಿ ಹಾಕಿದೆ. ಇನ್ನೊಂದು ಮುಕ್ತ ಪರವಾನಗಿಯ ಕಾಗದ. ಅದನ್ನು ಯಾಕೋ ಓದಿದೆ. ಈ ಪುಸ್ತಕವನ್ನು ಯಾರು ಬೇಕಾದರೂ ಪ್ರತಿ ಮಾಡಬಹುದು, ಹಂಚಬಹುದು, ಹರಿದು ಬೇರೆ ಕಡೆ ಜೋಡಿಸಬಹುದು. ಷರತ್ತು ಒಂದೇ, ಇದು ಯಾರದ್ದೆಂದು ಹೇಳಬೇಕು. ಜಗತ್ತಿನಲ್ಲಿ ಇಷ್ಟು ಸಡಿಲವಾದ ನಿಯಮ ಇರಲಿಕ್ಕಿಲ್ಲ, ಮತ್ತು ಇದ್ದ ಆ ಒಂದೇ ಷರತ್ತನ್ನು ನಾನು ಮುರಿದಿದ್ದೆ. ಇಂದ್ರರ ಕೊನೆಯ ಗರಿ ನೆನಪಾಯಿತು. ಆದರೂ ಮುಖಪುಟದಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಚೆನ್ನಾಗಿ ಕಾಣುತ್ತಿತ್ತು, ಇರಲಿ ಎಂದು ಬಿಟ್ಟೆ.

ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ಮೂವರ ತಂಡವೊಂದು ಬಂತು. ಅವರ ಅಧ್ಯಕ್ಷರು ನನ್ನ ಬೀಡಿಯ ಪುಟವನ್ನು ಸಭೆಯಲ್ಲಿ ಓದಿ, ಅರ್ಥಶಾಸ್ತ್ರವನ್ನು ಇಷ್ಟು ಹತ್ತಿರದಿಂದ ಬರೆದವರನ್ನು ತಾವು ಕಂಡಿಲ್ಲವೆಂದರು. ಶಾಲು ಹೊದಿಸಿದರು. ಮನೆಗೆ ಬಂದಾಗ ನನ್ನ ಹೆಂಡತಿ ಶಾಲು ಮಡಚುತ್ತಾ ತುಳುವಿನಲ್ಲಿ ಕೇಳಿದಳು, "ಆ ಕ್ಯಾಲೆಂಡರ್ ಹೊದ್ದ ಪುಸ್ತಕ ನೀವು ಬರೆದದ್ದಾ?" ನಾನು ಕೈಕಾಲು ತೊಳೆಯಲು ಹೊರಟೆ. "ಅಕ್ಷರ ಚಂದ ಉಂಟಲ್ಲ, ಹಾಗೆ ಕೇಳಿದ್ದು," ಎಂದು ಒಳಗೆ ಹೋದಳು.

ಇನ್ನು ಮಕ್ಕಳ ವಿಷಯ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನೆನಪಿಗೆ ಬಂತು, ಆದರೆ ಮಕ್ಕಳು ಮೊಳ ಹಾಕಲಿಲ್ಲ, ಪಾಪ, ಅವರಿಗೆ ದಟ್ಟಿಯೇ ಸಿಗಲಿಲ್ಲ. ಅರ್ಧ ಮಕ್ಕಳ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಇದ್ದವರ ಮೊಬೈಲಿನಲ್ಲಿ ಜಾಗ ಇಲ್ಲ. ಜಾಗ ಇದ್ದವರು ಓದಿದರೆ ಎರಡು ಪುಟಕ್ಕೇ ಕಣ್ಣು ಉರಿ. ಕೊನೆಗೆ ಎಲ್ಲರೂ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ ಇನ್ನೂರು ಚಿಲ್ಲರೆ ಪುಟ ಪ್ರಿಂಟು ತೆಗೆಸಿ, ಸ್ಪೈರಲ್ ಹಾಕಿಸಿದರು. ಮೂವರು ಸೇರಿ ಕೊಂಡು ಸೀಳಿದ ಪುಸ್ತಕವೇ ಇದಕ್ಕಿಂತ ಅಗ್ಗವಾಗಿತ್ತು. ದರ ಸ್ವಲ್ಪ ಕಡಿಮೆ ಮಾಡಲು ಅಂಗಡಿಯವರಲ್ಲಿ ಮಾತಾಡಬೇಕೆಂದು ಪ್ರಿನ್ಸಿಪಾಲರು ಸಂಚಾಲಕನನ್ನು ಕಳುಹಿಸಿದರು. ಆ ಅಂಗಡಿ ಜಲಜಾಕ್ಷಿಯದು. ಅದು ನನಗೆ ಗೊತ್ತಿತ್ತು. ಹತ್ತು ವರ್ಷಗಳಿಂದ ನಾನು ಬಸ್ಸಿಳಿದರೆ ಎದುರು ಬದಿಯ ಫುಟ್‌ಪಾತಿನಲ್ಲೇ ನಡೆಯುವುದಕ್ಕೆ ಅದೇ ಕಾರಣ.

"ಬನ್ನಿ ಸರ್. ಈ ಬಿಸಿಲಿಗೆ ಎಂತ ಬಂದದ್ದು? ಕೂತುಕೊಳ್ಳಿ." ಅವಳು ಸ್ಟೂಲು ಒರೆಸಿ ಕೊಟ್ಟಳು. ಕನ್ನಡಕ ಬಂದಿತ್ತು, ಕೂದಲು ಅಲ್ಲಲ್ಲಿ ನೆರೆತಿತ್ತು. ಮಿಷನಿನಿಂದ ನನ್ನ ಹೆಸರು ಒಂದೊಂದೇ ಪ್ರತಿಯಾಗಿ ಹೊರಗೆ ಬೀಳುತ್ತಿತ್ತು.

"ದರದ ವಿಷಯ ಮಾತಾಡ್ಲಿಕ್ಕೆ ಬಂದದ್ದು," ಎಂದೆ.

"ಕಡಿಮೆ ಮಾಡುವ ಸರ್. ನಮ್ಮದೇ ಪುಸ್ತಕ ಅಲ್ವಾ." ಅವಳು ಹಾಳೆಗಳನ್ನು ತಟ್ಟಿ ಒಟ್ಟು ಮಾಡಿದಳು. "ಹದಿನೇಳನೇ ಪುಟ ಬಂದಾಗ ಮಿಷನ್ ನಿಲ್ಲಿಸಿ ಓದಿದೆ. ಹಾಗೇ ಉಂಟು. ಲಲಿತಕ್ಕನ ಹೆಸರು ಸಹ ಬದಲು ಮಾಡ್ಲಿಲ್ಲ ನೀವು. ಲಲಿತಕ್ಕ ತೀರಿಹೋಗಿ ಎಷ್ಟೋ ವರ್ಷ ಆಯ್ತು. ನಿಮ್ಮ ಪುಸ್ತಕದಲ್ಲಿ ಈಗ್ಲೂ ಬೀಡಿ ಕಟ್ತಾ ಇದ್ದಾರೆ."

ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. "ನಿನ್ನ ನೋಟ್ಸ್... ನೋಡಿ ಕೊಡ್ತೇನೆ ಅಂತ ಹೇಳಿ..."

"ತೊಂದರೆ ಇಲ್ಲ ಸರ್. ನೋಡಿ ಆಯ್ತಾ?"

ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು. ಸ್ಟೇಪ್ಲರ್ ಒತ್ತುತ್ತಾ ಅವಳು ಮುಂದುವರಿಸಿದಳು. "ಒಂದು ವಿಷಯ ಮಾತ್ರ ನೆನಪುಂಟು. ಟೆಸ್ಟಿಗೆ ಇದೇ ಬೀಡಿದ್ದು ಬರ್ದಿದ್ದೆ. ನೀವು ಕೆಂಪು ಶಾಯಿಯಲ್ಲಿ 'ಉದಾಹರಣೆ ಪುಸ್ತಕದಲ್ಲಿಲ್ಲ' ಅಂತ ಹಾಕಿ ಎರಡು ಮಾರ್ಕ್ ಕಟ್ ಮಾಡಿದ್ರಿ. ಈಗ ಪುಸ್ತಕದಲ್ಲಿ ಉಂಟಲ್ಲ, ಸಾಕು."

ಆ ಎರಡು ಅಂಕಗಳ ನೆನಪು ನನಗೆ ಇರಲಿಲ್ಲ. ಅದು ಇರಲಿಲ್ಲ ಎಂಬುದೇ ಕದ್ದದ್ದಕ್ಕಿಂತ ದೊಡ್ಡ ನಾಚಿಕೆಯಾಯಿತು. ವೆಬ್‌ಸೈಟಿನಲ್ಲಿ ನಿನ್ನ ಹೆಸರು ಹಾಕಿಸುತ್ತೇನೆ ಎಂದೆ.

"ಹಾಕುದಾದ್ರೆ ಅಮ್ಮನ ಹೆಸರು ಹಾಕಿ ಸರ್, ಗಿರಿಜ ಅಂತ. ನಾನು ನೋಡಿ ಬರ್ದದ್ದು ಅಷ್ಟೆ. ತಡ್ಪೆಯ ಎದುರು ನಾನು ಕೂತ್ರೆ ಬೀಡಿ ಕಡಿಮೆ ಆಗ್ತಿತ್ತು. ಅದಕ್ಕೇ ಅಮ್ಮ ನನ್ನನ್ನು ಎಬ್ಬಿಸಿ ಓದ್ಲಿಕ್ಕೆ ಕಳಿಸಿದ್ದು."

ಮರುದಿನ ಪ್ರಿನ್ಸಿಪಾಲರಲ್ಲಿ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದರು. "ತಂಡದವರ ವರದಿಯಲ್ಲಿ ನಿಮ್ಮ ಹೆಸರು ಹೋಗಿ ಆಯ್ತು. ಈಗ ಬೇರೆ ಹೆಸರು ಹಾಕಿದ್ರೆ ನಿಮ್ಮ ಘೋಷಣಾಪತ್ರ ಸುಳ್ಳಾಗ್ತದೆ."

"ಅದು ಸುಳ್ಳೇ ಸರ್."

"ಈಗ ಸುಳ್ಳಲ್ಲ. ನೀವು ಸರಿ ಮಾಡ್ಲಿಕ್ಕೆ ಹೊರಟ್ರೆ ಸುಳ್ಳಾಗುದು," ಎಂದರು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರ ಮಾತಿನಲ್ಲಿ ಇಷ್ಟು ತರ್ಕವನ್ನು ನಾನು ಕಂಡಿರಲಿಲ್ಲ. ಅಲ್ಲದೆ ವೆಬ್‌ಸೈಟಿನ ಪಾಸ್‌ವರ್ಡು ಅದನ್ನು ಮಾಡಿದ ಅತಿಥಿ ಉಪನ್ಯಾಸಕನೊಂದಿಗೆ ದುಬೈಗೆ ಹೋಗಿತ್ತು. ಜಗತ್ತಿಗೆಲ್ಲ ತೆರೆದಿಟ್ಟ ಪುಸ್ತಕ ಬರೆದವನಿಗೆ ಮಾತ್ರ ತೆರೆಯುತ್ತಿರಲಿಲ್ಲ. ಬರೆದವನೆಂದು ಅಭ್ಯಾಸಬಲದಿಂದ ಹೇಳಿದೆ, ಕ್ಷಮಿಸಿ.

ಉಳಿದದ್ದು ಒಂದೇ ದಾರಿ. ಮನೆಯಲ್ಲಿ ಕ್ಯಾಲೆಂಡರಿನ ಹಾಳೆ ಬಿಡಿಸಿದೆ. ಅಡಿಯಲ್ಲಿ ಚೀಟಿ ಹಾಗೆಯೇ ಇತ್ತು. ಜಲಜಾಕ್ಷಿ, ಪ್ರಥಮ ಬಿ.ಎ., ಅದರ ಕೆಳಗೆ ಒಂದು ಸಣ್ಣ ಹೂವಿನ ಚಿತ್ರ. ನೋಟ್ಸನ್ನು ಅಂಗಡಿಗೆ ಕೊಂಡುಹೋಗಿ ಅವಳ ಕೈಗೆ ಕೊಟ್ಟೆ. ಆಮೇಲೆ ಅವಳು ಪ್ರಿಂಟು ತೆಗೆಯಲು ಇಟ್ಟುಕೊಂಡ ಮೂಲ ಪ್ರತಿಯ ಕೊನೆಯ ಪುಟದಲ್ಲಿ, ಇಂದ್ರರು ಹೇಳಿಕೊಟ್ಟ ಕ್ರಮದಲ್ಲಿ, ಪೆನ್ನಿನಲ್ಲಿ 'ಬೀಡಿ ಕಟ್ಟಿದವರು ನರಿಕೊಂಬಿನ ಗಿರಿಜಕ್ಕ, ನೋಡಿ ಬರೆದವಳು ಮಗಳು ಜಲಜಾಕ್ಷಿ, ಅವಳ ಪ್ರತಿ ನೋಡಿ ಬರೆದವನು ಅವಳ ಮೇಷ್ಟ್ರು' ಎಂದು ಬರೆದೆ. ಇನ್ನು ಮುಂದೆ ತೆಗೆಯುವ ಪ್ರತಿಗಳಲ್ಲೆಲ್ಲ ಅದು ಬರುತ್ತದೆ. ಜಲಜಾಕ್ಷಿ ಓದಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ನನ್ನ ಕಣ್ಣೂ ಒದ್ದೆಯಾಯಿತು. ಆ ದಿನ ನಾನು ಅವಳ ಬದಿಯ ಫುಟ್‌ಪಾತಿನಲ್ಲೇ ನಡೆದು ಬಸ್ಸು ಹಿಡಿದೆ.

ಇಲ್ಲಿಗೆ ಮುಗಿದಿದ್ದರೆ ನಾನು ಸುಧಾರಿಸಿದವನೆಂದು ನೀವೂ ನಂಬುತ್ತಿದ್ದಿರಿ. ಹದಿನೈದು ದಿನ ಕಳೆದು ಟೆಸ್ಟು ಬಂತು. ಅದೇ ನಿಯಮ, ಅದೇ ಪ್ರಶ್ನೆ. ಐವತ್ತು ಉತ್ತರಗಳಲ್ಲಿ ಗಿರಿಜಕ್ಕ, ಚಿಕ್ಕಮ್ಮ, ಲಲಿತಕ್ಕ ಬಂದು ಕೂತು ಬೀಡಿ ಕಟ್ಟಿ ಹೋದರು. ಕೆಂಪು ಪೆನ್ನು ತನ್ನಷ್ಟಕ್ಕೆ ಓಡುತ್ತಿತ್ತು. ಬೆಳ್ತಂಗಡಿಯ ಆಚೆ ಘಟ್ಟದ ಬುಡದಿಂದ ಬರುವ ಅಫ್ರೀನಾ ಎಂಬ ಹುಡುಗಿಯ ಪೇಪರಿನಲ್ಲಿ ಮಾತ್ರ ಬೀಡಿ ಇರಲಿಲ್ಲ. ಅವರ ಊರಲ್ಲಿ ನೆಟ್‌ವರ್ಕ್ ಸಿಗುವುದು ಹಾಲಿನ ಡೈರಿಯ ಹಿಂದಿನ ಒಂದು ಪಾದೆಕಲ್ಲಿನ ಮೇಲೆ ಮಾತ್ರವಂತೆ. ಕಾಲೇಜಿನ ಪುಕ್ಕಟೆ ಪುಸ್ತಕ ಇಳಿಸಿಕೊಳ್ಳಲು ಅವಳು ಹತ್ತಿದಾಗ ಒಂದು ಅಧ್ಯಾಯ ಬಂತು. ಇನ್ನಿಬ್ಬರು ಬಂದು, ಒಬ್ಬಳು ಇಳಿಸಿದ್ದನ್ನು ಮೂವರೂ ಹಂಚಿಕೊಂಡಾಗ ಪುಸ್ತಕವೇ ಬಂತು. ಏಳು ಜನ ಹತ್ತಿ ಎಲ್ಲರೂ ಒಟ್ಟಿಗೆ ಒತ್ತಿದ ಮೇಲೆ ಮುಖಪುಟ ಬಿಟ್ಟು ಯಾರಿಗೂ ಏನೂ ಬರಲಿಲ್ಲ. ಕಲ್ಲು ಮಾತ್ರ ಇದ್ದಷ್ಟೇ ಇತ್ತು. ಹೀಗೆಂದು ಬರೆದು ನಿಯಮವನ್ನು ಅಡಿಗೆರೆ ಹಾಕಿ ಮುಗಿಸಿದ್ದಳು.

ನಾನು ಇದನ್ನು ಓದಿ ಮೆಚ್ಚಿಕೊಳ್ಳುವ ಹೊತ್ತಿಗೆ ಪೆನ್ನು ಅಂಚಿನಲ್ಲಿ 'ಉದಾಹರಣೆ ಪುಸ್ತಕದಲ್ಲಿಲ್ಲ' ಎಂದು ಬರೆದು ಎರಡು ಅಂಕ ಕಳೆದಾಗಿತ್ತು. ಹೊಡೆದು ಹಾಕಿ, ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆ. ಇಪ್ಪತ್ಮೂರು ವರ್ಷ ತಡವಾಗಿಯಾದರೂ ಒಂದು ತಪ್ಪು ತಿದ್ದಿದೆನಲ್ಲ ಎಂದು ನನ್ನ ಮೇಲೆ ನನಗೇ ಸ್ವಲ್ಪ ಗೌರವ ಹುಟ್ಟಿತು.

ಪೇಪರುಗಳನ್ನು ಹಂಚಿದ ಸಂಜೆ ಅಫ್ರೀನಾ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಸರ್, ಎಲ್ಲರ ಪೇಪರ್ ಸಿಕ್ಕಿತು. ನನ್ನದು ಮಾತ್ರ ಸಿಗ್ಲಿಲ್ಲ."

"ಮಾರ್ಕ್ ಪೂರ್ತಿ ಉಂಟು. ಹೆದರ್ಬೇಡ."

"ಮಾರ್ಕ್ ಅಲ್ಲ ಸರ್, ಪೇಪರ್."

ಅದು ನನ್ನ ಮೇಜಿನ ಖಾನೆಯಲ್ಲಿ ಮೇಲೆಯೇ ಇತ್ತು. ಬರುವ ವರ್ಷ ಮತ್ತೆ ಸಿಲೆಬಸ್ ಬದಲಾಗುತ್ತದೆ. ಜಲಜಾಕ್ಷಿಯ ನೋಟ್ಸು ವಾಪಸು ಹೋದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ನನ್ನಲ್ಲಿ ಒಂದು ಪುಟವೂ ಇಲ್ಲ, ಮತ್ತು ಪಾದೆಕಲ್ಲಿನ ಉದಾಹರಣೆ ಬೀಡಿಗಿಂತಲೂ ಚೆನ್ನಾಗಿದೆ.

"ಇರ್ಲಿ ಅಫ್ರೀನಾ," ಎಂದೆ. "ಒಮ್ಮೆ ನೋಡಿ ಕೊಡ್ತೇನೆ."